ಅಮ್ಮನಿಗೆ ಕರವಸ್ತ್ರ ಕಾಣುತ್ತದೆ, ಮುಖ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಅಮ್ಮನಿಗೆ 76 ವರ್ಷ. ಈಚೆಗೆ ಯಾರ ಜೊತೆಗೂ ಬೆರೆಯುವುದಿಲ್ಲ. ಪರಿಚಯದವರು ಎದುರಿಗೆ ಬಂದು ನಕ್ಕರೂ ಸುಮ್ನೆ ಮುಂದೆ ಹೋಗಿಬಿಡುತ್ತಾರೆ. ಆದರೆ ನೆಲದ ಮೇಲೆ ಬಿದ್ದ ಕರವಸ್ತ್ರ ಮಾತ್ರ ಕಾಣುತ್ತದೆ! ಇದು ಕಣ್ಣಿನ ತೊಂದರೆಯೋ, ಜನ ಬೇಡವಾಗಿರುವುದೋ?

ಉತ್ತರ: ಮೊದಲು ಕಣ್ಣನ್ನೇ ಅನುಮಾನಿಸಿ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಟ್ಟನಡುವೆ ಮ್ಯಾಕ್ಯುಲಾ ಎಂಬ ಚಿಕ್ಕ ಜಾಗವಿದೆ. ಓದಲು, ಸೂಜಿಗೆ ದಾರ ಪೋಣಿಸಲು, ಮುಖ ಗುರುತು ಹಿಡಿಯಲು ಅದೇ ಬೇಕು. ವಯಸ್ಸಾದಂತೆ ಕೆಲವರಲ್ಲಿ ಅದು ಸವೆಯುತ್ತದೆ. ಆಗ ನೇರ ನೋಡಿದ ಕಡೆ ಮಸುಕು, ಅಂಚಿನ ನೋಟ ಮಾತ್ರ ಉಳಿದಿರುತ್ತದೆ. ಹಾಗಾಗಿ ಕುರ್ಚಿಗೆ ಡಿಕ್ಕಿ ಹೊಡೆಯದೆ ನಡೆಯುತ್ತಾರೆ, ಪಕ್ಕದಲ್ಲಿ ಬಿದ್ದ ಕರವಸ್ತ್ರ ಕಾಣುತ್ತದೆ, ನಿಮ್ಮ ನಗು ಕಾಣುವುದಿಲ್ಲ. ನೋಡಿದವರು ಜಂಬ ಅಂದುಕೊಳ್ಳುತ್ತಾರೆ.

ಕಣ್ಣಿನ ನರ ಹಾಳಾಗುವ ಗ್ಲಾಕೋಮಾದಲ್ಲಿ ಇದು ಉಲ್ಟಾ, ಸಾಮಾನ್ಯವಾಗಿ ಮೊದಲು ಅಂಚು ಹೋಗುತ್ತದೆ. ಪೊರೆ ಬಂದಿದ್ದರೆ ಎಲ್ಲವೂ ಮಂಜು. ಪೊರೆಗೆ ಆಪರೇಷನ್ ಇದೆ. ಗ್ಲಾಕೋಮಾದಲ್ಲಿ ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ‘ವಯಸ್ಸಾಯ್ತಲ್ಲ’ ಎಂದು ಬಿಡಬೇಡಿ, ಬೇಗ ಡಾಕ್ಟರಿಗೆ ತೋರಿಸಿ. 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ 14 ಅಂಶಗಳನ್ನು ಪಟ್ಟಿ ಮಾಡಿತು. ಚಿಕಿತ್ಸೆ ಮಾಡಿಸದ ದೃಷ್ಟಿದೋಷ ಅದರಲ್ಲಿದೆ. ಜನರಿಂದ ದೂರವಾಗುವುದೂ ಇದೆ.

ಇನ್ನು ಬೆರೆಯದಿರುವ ಮಾತು. ನಾಲ್ಕು ಜನ ಕೂತು ಹರಟುವಾಗ ಅರ್ಧ ಮಾತು ಕಣ್ಣಲ್ಲೇ ನಡೆಯುತ್ತದೆ. ‘ನೀವೇನಂತೀರಿ?’ ಎಂದು ಒಬ್ಬರ ಕಡೆ ನೋಡುತ್ತೇವೆ, ಹೆಸರು ಹೇಳುವುದಿಲ್ಲ. ನೋಟ ಕಾಣದವರಿಗೆ ಆ ಪ್ರಶ್ನೆ ಯಾರಿಗೆ ಅಂತಲೇ ತಿಳಿಯದು. ಒಮ್ಮೆ ಉತ್ತರ ಕೊಟ್ಟು, ಅದು ತನಗಲ್ಲ ಎಂದು ಗೊತ್ತಾಗಿ ನಾಚಿಕೆಯಾದರೆ ಮುಂದಿನ ಸಲ ಬಾಯೇ ತೆರೆಯುವುದಿಲ್ಲ. ಆಮೇಲೆ ‘ಕಾಲುನೋವು, ಬರಲ್ಲ’ ಎನ್ನುತ್ತಾರೆ. ಕಾಲಿಗೆ ಏನೂ ಆಗಿರುವುದಿಲ್ಲ.

ಹಾಗಾಗಿ ಹೆಸರು ಹಿಡಿದು ಮಾತಾಡಿಸಿ. ಹತ್ತಿರ ಬರುತ್ತಲೇ ನೀವು ಯಾರೆಂದು ಹೇಳಿಬಿಡಿ. ‘ನಾನ್ಯಾರು ಹೇಳಿ ನೋಡೋಣ?’ ಅನ್ನುವ ಆಟ ಮಾತ್ರ ದಯವಿಟ್ಟು ಬೇಡ. ಕೇಳುವವರಿಗೆ ಅದು ತಮಾಷೆ, ಉತ್ತರಿಸುವವರಿಗೆ ನಾಲ್ಕು ಜನರ ಮುಂದೆ ಪರೀಕ್ಷೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಬೆಳಕು ನಿಮ್ಮ ಮುಖದ ಮೇಲಿರಲಿ. ಫೋನ್ ಜಾಸ್ತಿ ಮಾಡಿ. ಫೋನಿನಲ್ಲಿ ಯಾರಿಗೂ ಮುಖ ಕಾಣುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ, ಇದನ್ನು ಅವರಾಗಿಯೇ ಹೇಳುವುದು ಅಪರೂಪ. ನೋಟ ತೀರಾ ಕಡಿಮೆಯಾದವರಿಗೆ ಕೆಲವೊಮ್ಮೆ ಇಲ್ಲದ ಜನ, ಹೂವು, ವಿನ್ಯಾಸಗಳು ಕಾಣಿಸುತ್ತವೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಬಾನೆ 1760ರಲ್ಲಿ ತನ್ನ ಅಜ್ಜನಿಗೆ ಹೀಗಾದದ್ದನ್ನು ಬರೆದಿಟ್ಟ. ಈಗ ಅದಕ್ಕೆ ಅವನದೇ ಹೆಸರು. ಕಣ್ಣಿನಿಂದ ಬರುವ ಸುದ್ದಿ ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ, ಇದು ಹುಚ್ಚಲ್ಲ. ಆದರೆ ಹುಚ್ಚು ಅಂದಾರು ಎಂಬ ಹೆದರಿಕೆಗೇ ಎಷ್ಟೋ ಜನ ಮುಚ್ಚಿಟ್ಟುಕೊಂಡು ಒಳಗೇ ಉಳಿಯುತ್ತಾರೆ. ಮೆಲ್ಲಗೆ ಕೇಳಿ ನೋಡಿ, ಡಾಕ್ಟರಿಗೂ ಹೇಳಿ.

ಎದ್ದು ಹೋಗುವಾಗಲೂ ಬಾಯಿಬಿಟ್ಟು ಹೇಳಿ ಹೋಗಿ. ನಮ್ಮ ದೊಡ್ಡಮ್ಮ ಒಂದು ಸಂಜೆ ನನಗೆ ಯಾವುದೋ ಹಳೇ ಕಥೆ ಹೇಳುತ್ತಿದ್ದರು. ಫೋನ್ ಬಂತು ಅಂತ ನಾನು ಸದ್ದಿಲ್ಲದೆ ಹೊರಗೆ ಹೋದೆ. ವಾಪಸ್ ಬಂದಾಗ ಅವರು ಇನ್ನೂ ಹೇಳುತ್ತಲೇ ಇದ್ದರು, ಖಾಲಿ ಕುರ್ಚಿಯ ಕಡೆ ತಿರುಗಿಕೊಂಡು.