ಖಾಲಿ ರೋಡು, ಕೆಂಪು ಸಿಗ್ನಲ್ಲು: ಸೈಕಲ್ಲಲ್ಲಿ ಹೋಗೋರು ನಿಲ್ಬೇಕಾ?

ಪ್ರಶ್ನೆ: ದಿನಾ ಸೈಕಲ್ಲಲ್ಲೇ ಕೆಲಸಕ್ಕೆ ಹೋಗ್ತೀನಿ. ದಾರೀಲಿ ಹತ್ತು ಸಿಗ್ನಲ್ ಸಿಗುತ್ತೆ. ಕೆಂಪು ಇದ್ದಾಗ ಅಡ್ಡರಸ್ತೆ ಪೂರ್ತಿ ಖಾಲಿ ಇದ್ರೂ ನಿಲ್ಲಲೇಬೇಕಾ? ನಿಂತ್ರೆ ಹಸಿರು ಬಿದ್ದಾಗ ಹಿಂದಿನ ಗಾಡಿಗಳೆಲ್ಲಾ ಒಟ್ಟಿಗೆ ನುಗ್ಗುತ್ವೆ, ಮಧ್ಯ ಸಿಕ್ಕಾಕೊಳ್ತೀನಿ. ಅದಕ್ಕಿಂತ ಮೊದ್ಲೇ ದಾಟಿಬಿಡೋದು ಸೇಫ್ ಅನ್ಸುತ್ತೆ.

ಉತ್ತರ: ನಿಲ್ಬೇಕು. ಇಷ್ಟು ಹೇಳಿ ಮುಗಿಸಬಹುದಿತ್ತು, ಆದ್ರೆ ನಿಮ್ ಪ್ರಶ್ನೆಯ ಕೊನೇ ಭಾಗ ಇದ್ಯಲ್ಲ, ಒಟ್ಟಿಗೆ ನುಗ್ಗುತ್ವೆ ಅನ್ನೋದು, ಅದು ಬರೀ ನೆಪ ಅಲ್ಲ, ಅದ್ರಲ್ಲಿ ನಿಜ ಇದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ.

ಮೊದ್ಲು ಕಾನೂನು ಬೇಗ ಮುಗಿಸ್ಬಿಡೋಣ. ರಸ್ತೆ ಸಂಚಾರದ ಬಗ್ಗೆ 1968ರಲ್ಲಿ ವಿಯೆನ್ನಾದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಸೈಕಲ್ಲನ್ನ ವಾಹನ ಅಂತ ಹೇಳಿದಾರೆ, ಮೈಬಲದಿಂದ ಓಡೋ ವಾಹನ ಅಷ್ಟೇ. ವಾಹನ ಅಂದ್ಮೇಲೆ ಕೆಂಪು ದೀಪ ಅದಕ್ಕೂ ಸೇರುತ್ತೆ. "ಸಿಗ್ನಲ್ ಇರೋದೇ ಕಾರಿನವ್ರಿಗೆ, ನಮಗ್ಯಾಕೆ" ಅಂತ ಕೆಲವ್ರು ವಾದ ಮಾಡ್ತಾರೆ, ಕೇಳೋಕೆ ಚೆನ್ನಾಗಿದೆ, ಆದ್ರೆ ಲಂಡನ್ನಲ್ಲಿ ಪಾರ್ಲಿಮೆಂಟ್ ಹತ್ರ ಗ್ಯಾಸ್ ದೀಪದ ಸಿಗ್ನಲ್ ನಿಲ್ಸಿದ್ದು 1868ರಲ್ಲಿ, ಆಗ ಕಾರೇ ಇರ್ಲಿಲ್ಲ. ಕುದುರೆಗಾಡಿಗಳ ಮಧ್ಯೆ ನಡ್ಕೊಂಡು ರಸ್ತೆ ದಾಟೋರಿಗೋಸ್ಕರ ಹಾಕಿದ್ದು ಅದು. (ಮರುವರ್ಷನೇ ಗ್ಯಾಸ್ ಸೋರಿ ಸಿಡಿದೋಯ್ತು, ಅದು ಬೇರೆ ಕಥೆ.)

ಈಗ ಖಾಲಿ ರಸ್ತೆ ವಿಷ್ಯ. ಇಲ್ಲೇ ನಮ್ ಕಣ್ಣು ನಮಗೆ ಮೋಸ ಮಾಡೋದು. ಒಂದು ದೊಡ್ಡ ಜಂಕ್ಷನ್ ಅಗಲ 30 ಮೀಟರ್ ಅಂತ ಇಟ್ಕೊಳ್ಳಿ. ನಿಂತಲ್ಲಿಂದ ಹೊರಟ ಸೈಕಲ್ಲು ಸರಾಸರಿ ಗಂಟೆಗೆ 12 ಕಿಲೋಮೀಟರ್ ಸ್ಪೀಡಲ್ಲಿ ದಾಟಿದ್ರೆ 9 ಸೆಕೆಂಡ್ ಬೇಕು. ಆ 9 ಸೆಕೆಂಡಲ್ಲಿ ಗಂಟೆಗೆ 50 ಕಿಲೋಮೀಟರಲ್ಲಿ ಬರ್ತಿರೋ ಕಾರು 125 ಮೀಟರ್ ಬಂದಿರುತ್ತೆ. ಅಂದ್ರೆ ನೀವು ಕತ್ತು ತಿರುಗಿಸಿ ನೋಡಿದಾಗ ನೂರು ಮೀಟರಿಗಿಂತ ಆಚೆ, ತಿರುವಿನ ಹಿಂದೆನೋ ನಿಂತಿರೋ ಲಾರಿ ಮರೆಯಲ್ಲೋ ಇದ್ದ ಗಾಡಿ, ನೀವು ನಡುರಸ್ತೇಲಿ ಇರುವಾಗ ಪಕ್ಕದಲ್ಲಿ ಹಾಜರ್. ಅವನಿಗೆ ಹಸಿರು, ಅವನು ಯಾಕೆ ಬ್ರೇಕ್ ಹಾಕ್ತಾನೆ? "ಖಾಲಿ ಇತ್ತು ಸಾರ್, ಎಲ್ಲಿಂದ ಬಂದ್ನೋ ಗೊತ್ತಾಗ್ಲಿಲ್ಲ" ಅಂತಾರಲ್ಲ, ಅವ್ರು ಸುಳ್ಳು ಹೇಳ್ತಿರಲ್ಲ, ನೋಡಿದಾಗ ನಿಜವಾಗ್ಲೂ ಖಾಲಿನೇ ಇತ್ತು.

ಹಳದಿ ಬಿದ್ದಾಗ ತುಳಿದು ನುಗ್ಗೋದೂ ಇದೇ ಲೆಕ್ಕ. ಹಳದಿ ಎಷ್ಟು ಹೊತ್ತಿರ್ಬೇಕು ಅಂತ ಸಾಮಾನ್ಯವಾಗಿ ಲೆಕ್ಕ ಹಾಕೋದು ಕಾರಿನ ಸ್ಪೀಡಿಗೆ, ಸೈಕಲ್ಲಿಗಲ್ಲ. ಕಾರು ದಾಟಿ ಹೋಗಿರುತ್ತೆ, ನೀವಿನ್ನೂ ಅರ್ಧದಲ್ಲಿರ್ತೀರ, ಅಷ್ಟರಲ್ಲಿ ಅಡ್ಡರಸ್ತೆಯವ್ರಿಗೆ ಹಸಿರು.

ಇನ್ನೊಂದು ಮಾತು, ಇದು ನನ್ನದೇ ತಪ್ಪು. ಮೊದ್ಲೆಲ್ಲಾ ನಾನೂ ಜಂಪ್ ಮಾಡ್ತಿದ್ದೆ, ಬಿದ್ರೆ ನಾನು ತಾನೇ ಬೀಳೋದು, ಬೇರೆಯವ್ರಿಗೇನು ಅಂತ. ಒಂದಿನ ಬೆಳಿಗ್ಗೆ ಹಂಗೇ ಕೆಂಪಲ್ಲಿ ನುಗ್ಗಿದೆ, ಬಿಳಿ ಕೋಲು ಹಿಡ್ಕೊಂಡು ಒಬ್ರು ವಯಸ್ಸಾದವ್ರು ರಸ್ತೆ ದಾಟ್ತಿದ್ರು, ಗಾಡಿಗಳ ಸದ್ದು ನಿಂತಿದ್ದು ಕೇಳಿಸ್ಕೊಂಡೇ ಅವ್ರು ರಸ್ತೆಗೆ ಇಳಿದಿದ್ದು, ಆದ್ರೆ ಸೈಕಲ್ ಸದ್ದೇ ಮಾಡಲ್ವಲ್ಲ. ಅವ್ರ ಕೋಲಿಗೆ ಒಂದು ಗೇಣು ದೂರದಲ್ಲಿ ಹಾದು ಹೋದೆ. ಅವ್ರು ಬೈಲಿಲ್ಲ, ಗಾಬರಿಯಿಂದ ಅಲ್ಲೇ ನಿಂತ್ಬಿಟ್ರು, ಯಾವ ಕಡೆ ಹೆಜ್ಜೆ ಇಡ್ಬೇಕು ಅಂತ ಗೊತ್ತಾಗ್ದೆ. ಬೈದಿದ್ರೆ ಮರೆತುಹೋಗ್ತಿತ್ತೇನೋ. ಆವತ್ತಿಂದ ಕೆಂಪು ಬಿದ್ರೆ ಕಾಲು ನೆಲಕ್ಕೆ.

ಸರಿ, ನಿಮ್ಮ ಭಯಕ್ಕೆ ಬರೋಣ. ಗಾಡಿಗಳ ಮಧ್ಯ ಸಿಕ್ಕಾಕೊಳ್ಳೋದು ನಿಜವಾದ ಅಪಾಯ, ಅದ್ರಲ್ಲೂ ಪಕ್ಕದಲ್ಲಿ ಲಾರಿ ಅಥ್ವಾ ಬಸ್ಸು ಇದ್ರೆ. ಉದ್ದನೆ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರೀಲೇ ಬರಲ್ಲ, ಒಳಗಡೆಗೆ ಕೊಯ್ಕೊಂಡು ಬರುತ್ತೆ, ರಸ್ತೆ ಅಂಚಲ್ಲಿ ನಿಂತಿರೋ ಸೈಕಲ್ಲವ್ನಿಗೆ ಸರಿಯೋಕೆ ಜಾಗನೇ ಉಳಿಯಲ್ಲ, ಡ್ರೈವರಿಗೆ ಆ ಜಾಗ ಕನ್ನಡೀಲೂ ಸರಿಯಾಗಿ ಕಾಣಲ್ಲ. ಇದಕ್ಕೆ ಪರಿಹಾರ ಸಿಗ್ನಲ್ ಜಂಪ್ ಮಾಡೋದಲ್ಲ, ನಿಲ್ಲೋ ಜಾಗ ಬದಲಾಯ್ಸೋದು. ಲಾರಿ ಪಕ್ಕ ಯಾವತ್ತೂ ಬೇಡ. ಒಂದೋ ಅದ್ರ ಹಿಂದೆ, ಲೇನಿನ ಮಧ್ಯದಲ್ಲಿ ನಿಂತ್ಕೊಳ್ಳಿ. ಇಲ್ಲಾ ಗಾಡಿಗಳಿಗಿಂತ ಮುಂದೆ ಹೋಗಿ ಡ್ರೈವರ್ ಕಣ್ಣಿಗೆ ಬೀಳೋ ಹಾಗೆ ನಿಂತ್ಕೊಳ್ಳಿ, ತೀರಾ ಮೂತಿಗೆ ಅಂಟ್ಕೊಂಡಲ್ಲ, ಎತ್ತರದ ಕ್ಯಾಬಿನ್ನಿಂದ ಅದೂ ಕಾಣಲ್ಲ. ಕೆಲವು ದೇಶಗಳಲ್ಲಿ ಇದಕ್ಕೇ ಅಂತ ಸ್ಟಾಪ್ ಲೈನಿಗಿಂತ ಮುಂದೆ ಸೈಕಲ್ಲವ್ರಿಗೆ ಪ್ರತ್ಯೇಕ ಬಾಕ್ಸ್ ಬರೆದಿರ್ತಾರೆ, ಇನ್ನು ಕೆಲವು ಕಡೆ ಸೈಕಲ್ಲಿಗೆ ಬೇರೆ ಪುಟ್ಟ ಸಿಗ್ನಲ್ಲೇ ಇಟ್ಟು ಕೆಲವು ಸೆಕೆಂಡ್ ಮೊದ್ಲೇ ಬಿಡ್ತಾರೆ. ಇಂಥದ್ದು ಇಲ್ದೇ ಇರೋ ಕಡೆ, ಮುಂದಕ್ಕೆ ಹೋಗೋಕೆ ಜಾಗ ಇಲ್ಲ ಅಂದ್ರೆ ನುಸುಳೋಕೆ ಹೋಗ್ಬೇಡಿ, ಹಿಂದೇನೇ ಇರಿ.

"ಹಂಗಾದ್ರೆ ಕೆಲವು ಊರುಗಳಲ್ಲಿ ಸೈಕಲ್ಲವ್ರಿಗೆ ಕೆಂಪಲ್ಲೂ ಹೋಗೋಕೆ ಬಿಡ್ತಾರಂತಲ್ಲ" ಅಂತ ಕೇಳ್ತೀರ. ಹೌದು, ಬಿಡ್ತಾರೆ, ಆದ್ರೆ ಷರತ್ತು ಓದಿ. ಅಮೆರಿಕದ ಐಡಹೋ ರಾಜ್ಯ 1982ರಲ್ಲೇ ಶುರು ಮಾಡಿದ್ದು. ಈಗ ಅಲ್ಲಿ ಸ್ಟಾಪ್ ಬೋರ್ಡ್ ಇದ್ರೆ ನಿಧಾನ ಮಾಡಿ ಬೇರೆಯವ್ರಿಗೆ ದಾರಿ ಬಿಟ್ಟುಕೊಟ್ಟು ನಿಲ್ದೇನೇ ಹೋಗ್ಬಹುದು, ಆದ್ರೆ ಕೆಂಪು ದೀಪಕ್ಕೆ ಪೂರ್ತಿ ನಿಂತು, ಯಾರೂ ಬರ್ತಿಲ್ಲ ಅಂತ ಖಾತ್ರಿ ಆದ್ಮೇಲೆ ಹೊರಡ್ಬೇಕು. ಅಮೆರಿಕದ್ದೇ ಇನ್ನೊಂದು ರಾಜ್ಯ ಡೆಲವೇರ್ 2017ರಲ್ಲಿ ಸ್ಟಾಪ್ ಬೋರ್ಡಿಗೆ ಮಾತ್ರ ಸಡಿಲ ಮಾಡ್ತು, ಕೆಂಪು ದೀಪ ಮುಟ್ಲಿಲ್ಲ. ಪ್ಯಾರಿಸ್ಸಲ್ಲಿ ಸಿಗ್ನಲ್ ಕಂಬದ ಮೇಲೆ ಸೈಕಲ್ ಚಿತ್ರ, ಬಾಣ ಇರೋ ಚಿಕ್ಕ ತ್ರಿಕೋನ ಬೋರ್ಡ್ ಹಾಕಿರೋ ಕಡೆ ಮಾತ್ರ, ಆ ಬಾಣದ ದಿಕ್ಕಿಗೆ ಮಾತ್ರ, ಅದೂ ನಡ್ಕೊಂಡು ಹೋಗೋರಿಗೆ ದಾರಿ ಬಿಟ್ಟು. ಜರ್ಮನಿ 2020ರಲ್ಲಿ ಸೈಕಲ್ಲಿಗೇ ಅಂತ ಹಸಿರು ಬಾಣದ ಬೋರ್ಡ್ ತಂತು, ಅಲ್ಲೂ ಮೊದ್ಲು ನಿಲ್ಬೇಕು, ಆಮೇಲೆ ಬಲಕ್ಕೆ ತಿರುಗ್ಬೇಕು (ಅಲ್ಲಿ ಗಾಡಿ ಓಡೋದು ರಸ್ತೆಯ ಬಲಕ್ಕೆ, ಹಾಗಾಗಿ ಅದು ಹತ್ತಿರದ ತಿರುವು). ಈ ಥರ ನಿಯಮ ನನಗೂ ಇಷ್ಟನೇ, ಇನ್ನೂ ಹೆಚ್ಚು ಕಡೆ ಬರ್ಲಿ. ಆದ್ರೆ ಯಾವುದೋ ದೇಶದ ಬೋರ್ಡು ನಿಮ್ಮ ಸಿಗ್ನಲ್ಲಿಗೆ ಲಾಗೂ ಆಗಲ್ಲ, ಅಡ್ಡ ಬರೋ ಡ್ರೈವರಿಗೆ ಆ ನಿಯಮ ಗೊತ್ತೂ ಇರಲ್ಲ.

ಸಿಗ್ನಲ್ ಜಂಪ್ ಮಾಡೋಕೆ ಬಹಳ ಜನ ಬಾಯಿಬಿಟ್ಟು ಹೇಳದ ನಿಜವಾದ ಕಾರಣ ಇದ್ಯಾವುದೂ ಅಲ್ಲ ಬಿಡಿ, ಕಾಲು ನೋವು. ನಿಂತು ಮತ್ತೆ ತುಳಿಯೋದೇ ಬೇಜಾರು. ಲೆಕ್ಕ ಹಾಕಿದ್ರೆ, ನೀವೂ ಸೈಕಲ್ಲೂ ಸೇರಿ 85 ಕಿಲೋ, ಸ್ಪೀಡು ಗಂಟೆಗೆ 20 ಕಿಲೋಮೀಟರ್, ಒಂದ್ಸಲ ನಿಂತ್ರೆ ಕಳ್ಕೊಳ್ಳೋದು ಸುಮಾರು 1,300 ಜೌಲ್ ಶಕ್ತಿ. 100 ವ್ಯಾಟಲ್ಲಿ ಆರಾಮಾಗಿ ತುಳಿಯೋರಿಗೆ ಇದು 13 ಸೆಕೆಂಡಿನ ಕೆಲಸ. ಹತ್ತು ಸಿಗ್ನಲ್ಲಿಗೆ ಎರಡು ನಿಮಿಷ ಚಿಲ್ಲರೆ. ಅಷ್ಟೇನಾ ಅನ್ಸುತ್ತಲ್ವಾ, ಆದ್ರೂ ಸುಸ್ತಾಗೋದ್ಯಾಕೆ ಅಂದ್ರೆ ಭಾರಿ ಗೇರಲ್ಲೇ ನಿಂತು ಅದ್ರಲ್ಲೇ ಹೊರಡೋಕೆ ಒದ್ದಾಡ್ತೀವಿ. ನಿಲ್ಲೋಕೆ ಮುಂಚೆ, ಚಕ್ರ ಇನ್ನೂ ಉರುಳ್ತಿರುವಾಗ್ಲೇ, ಎರಡು ಮೂರು ಗೇರ್ ಇಳಿಸ್ಕೊಳ್ಳಿ. ದೂರದಿಂದ್ಲೇ ಕೆಂಪು ಕಂಡ್ರೆ ತುಳಿಯೋದು ನಿಲ್ಸಿ ತೇಲ್ಕೊಂಡು ಬನ್ನಿ, ಎಷ್ಟೋ ಸಲ ಹತ್ರ ಬರೋ ಹೊತ್ತಿಗೆ ಹಸಿರಾಗಿರುತ್ತೆ. ಕೋಪನ್‌ಹೇಗನ್ನಲ್ಲಿ ಕೆಲವು ರಸ್ತೆಗಳ ಸಿಗ್ನಲ್ಲುಗಳನ್ನ ಗಂಟೆಗೆ 20 ಕಿಲೋಮೀಟರಲ್ಲಿ ಹೋಗೋ ಸೈಕಲ್ಲಿಗೆ ಸಾಲಾಗಿ ಹಸಿರು ಸಿಗೋ ಥರ ಹೊಂದಿಸಿದಾರೆ, ಹೊಟ್ಟೆಕಿಚ್ಚು ಬರುತ್ತೆ.

ಕೊನೇದು, ಹೊತ್ತಲ್ಲದ ಹೊತ್ತಲ್ಲಿ ಎಷ್ಟು ಕಾದ್ರೂ ಹಸಿರೇ ಬೀಳದ ಸಿಗ್ನಲ್. ಕೆಲವು ಸಿಗ್ನಲ್ಲುಗಳು ರಸ್ತೆಯೊಳಗೆ ಹೂತಿರೋ ತಂತಿ ಸುರುಳಿ ಮೇಲೆ ಲೋಹ ಬಂತಾ ಅಂತ ನೋಡಿ ಬದಲಾಗೋದು, ಕಾರು ಬಂದ್ರೆ ಸುಲಭವಾಗಿ ಗೊತ್ತಾಗುತ್ತೆ, ಸೈಕಲ್ಲು ಎಷ್ಟೋ ಸಲ ಲೆಕ್ಕಕ್ಕೇ ಬರಲ್ಲ. ಡಾಂಬರಲ್ಲಿ ಕೊಯ್ದು ಮುಚ್ಚಿರೋ ಗೆರೆ ಕಾಣುತ್ತಾ ನೋಡಿ, ಚಕ್ರಗಳು ಸುರುಳಿ ಮಧ್ಯದಲ್ಲಲ್ಲ, ಸರಿಯಾಗಿ ಆ ಗೆರೆ ಮೇಲೇ ಬರೋ ಹಾಗೆ ನಿಲ್ಸಿ. ಆಗ್ಲೂ ಬದಲಾಗ್ಲಿಲ್ಲ ಅಂದ್ರೆ ಇಳೀರಿ, ಸೈಕಲ್ ತಳ್ಕೊಂಡು ಪಾದಚಾರಿಗಳು ದಾಟೋ ಕಡೆಯಿಂದ ದಾಟಿ, ಆಚೆ ಬದಿ ಹೋಗಿ ಮತ್ತೆ ಹತ್ಕೊಳ್ಳಿ.