ಡಬಲ್ ಬೇಸ್ ಮತ್ತು ಬಿಳಿಚಿದ ಹೆಬ್ಬೆರಳು

ಪಿಟೀಲಿನ ಬಳಗದ ಅತಿ ದೊಡ್ಡ ವಾದ್ಯವಾದ ಡಬಲ್ ಬೇಸ್ ಕಲಿಯಲು ಹೊರಟವರ ಎಡಗೈಯನ್ನು ಒಮ್ಮೆ ಹಿಂದಿನಿಂದ ನೋಡಬೇಕು. ವಾದ್ಯದ ಕತ್ತಿನ ಹಿಂಬದಿಗೆ ಹೆಬ್ಬೆರಳು ಒತ್ತಿಕೊಂಡಿರುತ್ತದೆ. ಉಗುರಿನ ಕೆಳಗೆ ರಕ್ತ ಓಡದೆ ಬೆಳ್ಳಗಾಗಿರುತ್ತದೆ. ಇಷ್ಟೆಲ್ಲ ಒತ್ತಿದರೂ ಹೊರಗೆ ಬರುವ ಸ್ವರ ಮಾತ್ರ ಮಂಕು. ಜೊತೆಗೆ ಒಂದು ಗರಗರ ಸದ್ದು. ಐದು ನಿಮಿಷಕ್ಕೆ ಕೈ ಸೋತು ಹೋಗುತ್ತದೆ. ಶುರುವಿನಲ್ಲಿ ನನಗೂ ಹೀಗೇ ಆಗುತ್ತಿತ್ತು. ನನ್ನ ಕೈಯಲ್ಲಿ ಶಕ್ತಿ ಸಾಲದೇನೋ ಅಂದುಕೊಂಡು ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದೆ.

ಹಾಗೆ ಅನ್ನಿಸುವುದು ಸಹಜ. ಎದುರಿಗೆ ನಿಂತಿರುವುದು ಸುಮಾರು 180 ಸೆಂ.ಮೀ. ಎತ್ತರದ ವಾದ್ಯ. ತೂಕ ಹೆಚ್ಚುಕಡಿಮೆ 10 ಕಿಲೋ. ನಾಲ್ಕು ದಪ್ಪ ತಂತಿಗಳ ಬಿಗಿತ ಕೂಡಿಸಿದರೆ 100 ಕಿಲೋ ತೂಗುಹಾಕಿದ್ದಕ್ಕಿಂತ ಜಾಸ್ತಿ. ಇಷ್ಟು ದೊಡ್ಡದನ್ನು ನುಡಿಸಲು ಅಷ್ಟೇ ಬಲ ಬೇಕು ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಕಲಿಯುವವರ ಬಹುಪಾಲು ತಪ್ಪುಗಳು ಹುಟ್ಟುವುದು ಈ ಲೆಕ್ಕದಿಂದಲೇ ಅನ್ನುವುದು ನನ್ನ ಅನುಭವ. ಎಡಗೈ, ಬಲಗೈ, ನಿಲ್ಲುವ ರೀತಿ, ಎಲ್ಲಿ ನೋಡಿದರೂ ಅದೇ.

ಮೊದಲು ಅಳತೆ ನೋಡೋಣ. ಪಿಟೀಲಿನ ತಂತಿಯಲ್ಲಿ ನುಡಿಯುವ ಭಾಗ ಸುಮಾರು 33 ಸೆಂ.ಮೀ. ಡಬಲ್ ಬೇಸ್‌ನಲ್ಲಿ ಸುಮಾರು 105. ಸ್ವರವನ್ನು ಅರ್ಧ ಮೆಟ್ಟಿಲು, ಅಂದರೆ ತೀರಾ ಪಕ್ಕದ ಸ್ವರಕ್ಕೆ, ಏರಿಸಬೇಕಾದರೆ ತಂತಿಯ ಉದ್ದವನ್ನು ಸುಮಾರು ಶೇಕಡ 5.6ರಷ್ಟು ಕಡಿಮೆ ಮಾಡಬೇಕು. ಪಿಟೀಲಿನಲ್ಲಿ ಇದು 2 ಸೆಂ.ಮೀ.ಗೂ ಕಡಿಮೆ. ಬೇಸ್‌ನ ಕತ್ತಿನ ತುದಿಯಲ್ಲಿ ಸುಮಾರು 6 ಸೆಂ.ಮೀ. ಹಾಗಾಗಿ ಕೈ ಕತ್ತಿನ ಮೇಲ್ತುದಿಯ ಹತ್ತಿರ ಇರುವ ಮೊದಲ ಸ್ಥಾನದಲ್ಲಿ ತೋರುಬೆರಳಿನಿಂದ ಕಿರುಬೆರಳಿಗೆ ಸುಮಾರು 10 ಸೆಂ.ಮೀ. ದೂರ ಬೇಕು. ಆ ಹತ್ತರೊಳಗೆ ಹಿಡಿಸುವುದು ಒಂದೇ ಒಂದು ಪೂರ್ಣ ಸ್ವರ, ಅಂದರೆ ಎರಡು ಅರ್ಧ ಮೆಟ್ಟಿಲು!

ಇಲ್ಲೇ ಬರುತ್ತದೆ ಮೊದಲ ತಪ್ಪು. ಗಿಟಾರ್ ನುಡಿಸಿ ಅಭ್ಯಾಸ ಇರುವವರು ನಾಲ್ಕೂ ಬೆರಳನ್ನು ಬೇರೆ ಬೇರೆ ಅರ್ಧ ಮೆಟ್ಟಿಲಿನ ಮೇಲೆ ಇಡಲು ನೋಡುತ್ತಾರೆ. ಕೈ ಹರಿದುಹೋಗುವ ಹಾಗೆ ಅಗಲಿಸುತ್ತಾರೆ. ಬೇಸ್‌ನಲ್ಲಿ ಹಳೆಯ ಕ್ರಮ ಬೇರೆ. 19ನೇ ಶತಮಾನದಲ್ಲಿ ವಿಯೆನ್ನಾದಲ್ಲಿ ಕಲಿಸುತ್ತಿದ್ದ ಫ್ರಾಂಜ್ ಸಿಮಾಂಡ್ಲ್ ಹೆಸರಿನಲ್ಲಿ ಇಂದಿಗೂ ಅದು ನಡೆಯುತ್ತಿದೆ. ಕತ್ತಿನ ಕೆಳಸ್ವರಗಳ ಭಾಗದಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು, ಈ ಮೂರೇ ಸ್ವರ ಹಿಡಿಯುತ್ತವೆ. ಉಂಗುರ ಬೆರಳು ಕಿರುಬೆರಳಿನ ಜೊತೆಗೇ ಇಳಿದು ಅದಕ್ಕೆ ಆಸರೆ ಕೊಡುತ್ತದೆ.

ಉಂಗುರ ಬೆರಳಿಗೆ ಯಾಕೆ ಹೀಗೆ? ಈಗಲೇ ಒಂದು ಪ್ರಯೋಗ ಮಾಡಿ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ನಡುಬೆರಳನ್ನು ಮಾತ್ರ ಒಳಗೆ ಮಡಚಿ. ಈಗ ಒಂದೊಂದೇ ಬೆರಳನ್ನು ಮೇಲೆತ್ತಿ. ಹೆಬ್ಬೆರಳು ಏಳುತ್ತದೆ. ತೋರುಬೆರಳು ಏಳುತ್ತದೆ. ಕಿರುಬೆರಳೂ ಏಳುತ್ತದೆ. ಉಂಗುರ ಬೆರಳು ಮಾತ್ರ ಮೇಜಿಗೆ ಅಂಟಿಸಿದ ಹಾಗೆ ಕೂತುಬಿಡುತ್ತದೆ. ತೋರುಬೆರಳು, ಕಿರುಬೆರಳುಗಳನ್ನು ಎತ್ತಲು ಅವುಗಳದ್ದೇ ಆದ ಪ್ರತ್ಯೇಕ ಸ್ನಾಯುಗಳೂ ಇವೆ. ಉಂಗುರ ಬೆರಳಿಗೆ ಆ ಭಾಗ್ಯ ಇಲ್ಲ. ಅದನ್ನು ಎತ್ತುವ ಹುರಿಗೂ (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ ಅನ್ನಿ) ಪಕ್ಕದ ಹುರಿಗಳಿಗೂ ಅಂಗೈಯ ಹಿಂಬದಿಯಲ್ಲಿ ಅಡ್ಡಪಟ್ಟಿಗಳ ಸಂಬಂಧ ಇರುತ್ತದೆ. ನಡುಬೆರಳು ಮಡಚಿದಾಗ ಆ ಸಂಬಂಧವೇ ಉಂಗುರ ಬೆರಳನ್ನೂ ಕೆಳಗೆ ಹಿಡಿದಿಡುತ್ತದೆ. ಹೀಗೆ ಸ್ವಂತ ಓಡಾಟ ಕಡಿಮೆ ಇರುವ ಬೆರಳಿನಿಂದ ಒಂಟಿ ಕೆಲಸ ಮಾಡಿಸುವುದಕ್ಕಿಂತ ಕಿರುಬೆರಳಿಗೆ ಜೊತೆ ಮಾಡುವುದು ಜಾಣತನ. ನಾಲ್ಕೂ ಬೆರಳು ಬಳಸಿ ಚೆನ್ನಾಗಿ ನುಡಿಸುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕೈಯ ಚೌಕಟ್ಟು ಇನ್ನೂ ಕೂಡಿಬರದವರು ಅಲ್ಲಿಂದ ಶುರು ಮಾಡಿದರೆ ನೋವು ಗ್ಯಾರಂಟಿ.

ಇನ್ನೊಂದು ಪ್ರಯೋಗ. ಮುಷ್ಟಿ ಬಿಗಿಹಿಡಿಯಿರಿ. ಈಗ ಮಣಿಕಟ್ಟನ್ನು ಒಳಗಡೆಗೆ ಎಷ್ಟು ಬಗ್ಗುತ್ತದೋ ಅಷ್ಟೂ ಬಗ್ಗಿಸಿ, ಮತ್ತೆ ಮುಷ್ಟಿ ಬಿಗಿ ಮಾಡಲು ನೋಡಿ. ಆಗುವುದೇ ಇಲ್ಲ, ಅಲ್ವಾ? ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವುಗಳ ಹುರಿ ಮಣಿಕಟ್ಟನ್ನು ದಾಟಿ ಬೆರಳಿಗೆ ಬರುತ್ತದೆ. ಮಣಿಕಟ್ಟು ಬಗ್ಗಿದಾಗ ಸ್ನಾಯು ಆಗಲೇ ಗಿಡ್ಡವಾಗಿರುತ್ತದೆ. ಇನ್ನೂ ಎಳೆಯಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಕಲಿಯುವವರು ಎಡ ಮೊಣಕೈಯನ್ನು ಪಕ್ಕೆಗೆ ಜೋತುಬಿಟ್ಟಾಗ ಆಗುವುದು ಇದೇ. ಮೊಣಕೈ ಕೆಳಗೆ ಹೋದಷ್ಟೂ ಮಣಿಕಟ್ಟು ಮುರಿದ ಹಾಗೆ ಬಗ್ಗುತ್ತದೆ, ಬೆರಳು ಸೋಲುತ್ತದೆ, ಆ ಕೊರತೆ ತುಂಬಲು ಹೆಬ್ಬೆರಳು ಹಿಂದಿನಿಂದ ಹಿಂಡತೊಡಗುತ್ತದೆ. ಮೊಣಕೈಯನ್ನು ಸ್ವಲ್ಪ ಎತ್ತಿ, ಮಣಿಕಟ್ಟು ಮುಂಗೈಯ ನೇರಕ್ಕೆ ಬಂದ ಕೂಡಲೇ ಬೆರಳಿಗೆ ಜೀವ ಬರುತ್ತದೆ.

ಹಾಗಾದರೆ ತಂತಿ ಒತ್ತುವ ಬಲ ಎಲ್ಲಿಂದ ಬರಬೇಕು? ತೋಳಿನಿಂದ. ಮನುಷ್ಯನ ಒಂದು ತೋಳು ದೇಹದ ತೂಕದ ಸುಮಾರು ಇಪ್ಪತ್ತನೇ ಒಂದು ಭಾಗ. 60 ಕಿಲೋ ಇರುವವರಿಗೆ ಹತ್ತಿರ ಹತ್ತಿರ 3 ಕಿಲೋ. ಬಾಗಿದ ಬೆರಳುಗಳನ್ನು ಕೊಕ್ಕೆಯ ಹಾಗೆ ತಂತಿಗೆ ಸಿಕ್ಕಿಸಿ, ತೋಳನ್ನು ಅದರಿಂದ ನೇತುಹಾಕಿದಂತೆ ಬಿಟ್ಟು, ಬೆನ್ನಿನ ಕಡೆಗೆ ಹಗುರವಾಗಿ ಸೆಳೆದರೆ ಸಾಕು. ಕೆಲಸವನ್ನು ಹೆಗಲು, ಬೆನ್ನಿನ ದೊಡ್ಡ ಸ್ನಾಯುಗಳು ವಹಿಸಿಕೊಳ್ಳುತ್ತವೆ. ವಾದ್ಯ ದೇಹಕ್ಕೆ ಒರಗಿರುವುದರಿಂದ ಆ ಸೆಳೆತವನ್ನು ದೇಹವೇ ತಡೆಯುತ್ತದೆ. ಹೆಬ್ಬೆರಳು ನಡುಬೆರಳಿನ ನೇರಕ್ಕೆ ಹಿಂದೆ ಸುಮ್ನೆ ಇದ್ದರೆ ಆಯಿತು. ಅದನ್ನು ಪೂರ್ತಿ ತೆಗೆದರೂ ಸ್ವರ ನಿಲ್ಲಬಾರದು. ದಿನಕ್ಕೊಮ್ಮೆ ಹೀಗೆ ಹೆಬ್ಬೆರಳು ಬಿಟ್ಟು ನುಡಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಎಷ್ಟು ಒತ್ತಬೇಕು ಅನ್ನುವುದನ್ನೂ ತಂತಿಯನ್ನೇ ಕೇಳಿ ತಿಳಿಯಬಹುದು. ಬೆರಳನ್ನು ತಂತಿಯ ಮೇಲೆ ಹಗುರವಾಗಿ ಇಡಿ. ಬಲಗೈಯಿಂದ ಮೀಟುತ್ತಲೇ ಇರಿ. ಮೊದಲು ಬರೀ ಟಪ್ ಟಪ್. ನಿಧಾನವಾಗಿ ಒತ್ತುತ್ತಾ ಬನ್ನಿ. ಗರಗರ ಬರುತ್ತದೆ. ಇನ್ನೊಂದು ಚೂರು ಒತ್ತಿದಾಗ ಗರಗರ ಹೋಗಿ ಸ್ವರ ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅಷ್ಟೇ ಬೇಕಾಗಿರುವುದು. ನಾನು ಮೊದಲ ಸಲ ಹೀಗೆ ಮಾಡಿದಾಗ, ಇಷ್ಟು ದಿನ ಎಷ್ಟೊಂದು ಶಕ್ತಿ ವ್ಯರ್ಥ ಮಾಡಿದೆನಲ್ಲ ಅಂತ ನಿಜಕ್ಕೂ ಸಂಕಟ ಆಯಿತು. ಬಿಗಿಹಿಡಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅಮುಕುತ್ತದೆ. ಸಡಿಲಿಸದೆ ಹಿಡಿದಷ್ಟು ಹೊತ್ತೂ ಅದಕ್ಕೆ ಬರುವ ರಕ್ತ ಕಡಿಮೆ. ಬೇಗ ಉರಿ ಹತ್ತುವುದು ಅದಕ್ಕೇ. ನೋವಿದ್ದರೂ ಪಟ್ಟು ಬಿಡದೆ ನುಡಿಸಿದರೆ ಕೈ ಗಟ್ಟಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಹೆಬ್ಬೆರಳು ಹಿಂಡಲು ಇನ್ನೊಂದು ಕಾರಣ ಕೈಯಲ್ಲಿಲ್ಲ, ನಿಂತ ರೀತಿಯಲ್ಲಿದೆ. ವಾದ್ಯ ಬಿದ್ದೀತು ಅನ್ನುವ ಭಯಕ್ಕೆ ಕೈ ಅದನ್ನು ಹಿಡಿದುಕೊಂಡಿರುತ್ತದೆ. ಎಡಗೈಯನ್ನು ಕತ್ತಿನಿಂದ ಪೂರ್ತಿ ತೆಗೆಯಿರಿ. ಬೇಸ್ ನಿಮಗೆ ಒರಗಿಕೊಂಡು ತಾನೇ ನಿಲ್ಲಬೇಕು. ನಿಲ್ಲದಿದ್ದರೆ ಅದನ್ನು ಒಳಕ್ಕೆ ತಿರುಗಿಸಿ, ಹಿಂಬದಿಯ ಅಂಚು ಸೊಂಟದ ಎಡಭಾಗಕ್ಕೆ ತಾಗುವ ಹಾಗೆ ಮಾಡಿ. ವಾದ್ಯವನ್ನು ನೆಲಕ್ಕೆ ಊರುವ ಕೆಳಗಿನ ಕಡ್ಡಿಯ ಎತ್ತರವನ್ನೂ ಸರಿಪಡಿಸಿಕೊಳ್ಳಿ. ನೀವು ಬಗ್ಗದೆಯೇ ಬಲಗೈ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಹತ್ತಿರಕ್ಕೆ ಬರಬೇಕು. ಬೆನ್ನು ಬಗ್ಗಿಸಬೇಕಾಗಿ ಬಂದರೆ ವಾದ್ಯ ತಗ್ಗಾಯಿತು ಅಂತ ಅರ್ಥ.

ಈಗ ಕಮಾನಿಗೆ ಬರೋಣ. ನನಗೆ ಅತಿ ಇಷ್ಟವಾದ ವಿಷಯ ಇದು.

ಕಮಾನು ಎಳೆದಾಗ ತಂತಿ ಬರೀ ಅತ್ತಿತ್ತ ಅಲ್ಲಾಡುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಅದು ನಿಜವಲ್ಲ ಅಂತ 1860ರ ದಶಕದಲ್ಲೇ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ತೋರಿಸಿದರು. ತಂತಿಯಲ್ಲಿ ಒಂದು ಮೂಲೆ, ಒಂದು ಮಡಿಕೆ ಅನ್ನಿ, ಮೂಡುತ್ತದೆ. ಅದು ಆ ತುದಿಯಿಂದ ಈ ತುದಿಗೆ ಸುತ್ತು ಹೊಡೆಯುತ್ತಿರುತ್ತದೆ. ಕಮಾನಿಗೆ ಕಟ್ಟಿ ರಾಳ ಹಚ್ಚಿದ ಕುದುರೆ ಬಾಲದ ಕೂದಲು ತಂತಿಯನ್ನು ಹಿಡಿದುಕೊಂಡು ಜೊತೆಗೆ ಒಯ್ಯುತ್ತದೆ. ಮಡಿಕೆ ಬಂದು ತಾಗಿದ ಗಳಿಗೆಯಲ್ಲಿ ತಂತಿ ಜಾರಿ ಹಿಂದಕ್ಕೆ ಹಾರುತ್ತದೆ. ಮತ್ತೆ ಹಿಡಿತ, ಮತ್ತೆ ಜಾರು. ಮುಂದೆ ಸಿ. ವಿ. ರಾಮನ್ 1918ರಲ್ಲಿ ಇದರ ಗಣಿತವನ್ನು ವಿವರವಾಗಿ ಬಿಡಿಸಿಟ್ಟರು. ಕಮಾನನ್ನು ಸ್ಥಿರವಾಗಿಟ್ಟು ಪಿಟೀಲನ್ನೇ ಹಿಂದೆ ಮುಂದೆ ಸರಿಸುವ ಯಂತ್ರ ಕಟ್ಟಿ, ಎಷ್ಟು ಒತ್ತಡ ಬೇಕು ಅಂತ ಅಳೆದರು. ಕುದುರೆಯ ಹತ್ತಿರ ಹೋದಷ್ಟೂ ಹೆಚ್ಚು ಒತ್ತಡ ಬೇಕು. 1973ರಲ್ಲಿ ಜಾನ್ ಶೆಲೆಂಗ್ ಅನ್ನುವವರು ಮೇಲಿನ ಮಿತಿಯನ್ನೂ ಸೇರಿಸಿ ಒಂದು ನಕ್ಷೆಯನ್ನೇ ಕೊಟ್ಟರು. ಒತ್ತಡ ಕಡಿಮೆಯಾದರೆ ತಂತಿ ನಡುನಡುವೆ ಜಾರಿ ಸಿಳ್ಳೆ ಹಾಕುತ್ತದೆ. ಜಾಸ್ತಿಯಾದರೆ ಮಡಿಕೆ ಬಂದರೂ ತಂತಿ ಬಿಡಿಸಿಕೊಳ್ಳದೆ ಕಿರಗುಟ್ಟುತ್ತದೆ. ಕಮಾನಿನ ವೇಗ ಹೆಚ್ಚಿದಂತೆ ಈ ಎರಡೂ ಮಿತಿಗಳು ಮೇಲೇರುತ್ತವೆ. ಅಂದರೆ ಸದ್ದು ಸಾಲದು ಅಂತ ಕಮಾನನ್ನು ಬರೀ ಒತ್ತಿದರೆ ಸದ್ದು ದೊಡ್ಡದಾಗುವುದಿಲ್ಲ, ಉಸಿರು ಕಟ್ಟುತ್ತದೆ. ಒತ್ತಡ, ವೇಗ, ಕುದುರೆಯಿಂದ ದೂರ, ಮೂರೂ ಒಟ್ಟಿಗೆ ಬದಲಾಗಬೇಕು. ಕಮಾನು ಓರೆಯಾಗಿ ಮೇಲಕ್ಕೆ ಜಾರುತ್ತಿದ್ದರೆ ಆ ದೂರವೇ ಕೈತಪ್ಪುತ್ತದೆ. ಅದಕ್ಕೆ ಕನ್ನಡಿ ಮುಂದೆ ನಿಂತು ನುಡಿಸಬೇಕು.

ಬೇಸ್‌ನ ನಿಜವಾದ ಕಷ್ಟ ಇರುವುದು ಸ್ವರದ ಹುಟ್ಟಿನಲ್ಲಿ. ಅದರ ಅತಿ ಕೆಳಸ್ವರದ ಇ ತಂತಿ (ಪಾಶ್ಚಾತ್ಯ ಸ್ವರಗಳಿಗೆ ಅಕ್ಷರಗಳೇ ಹೆಸರು) ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮಡಿಕೆಯ ಒಂದು ಸುತ್ತಿಗೆ 24 ಮಿಲಿಸೆಕೆಂಡ್. ಪಿಟೀಲಿನ ಅತಿ ಕೆಳಗಿನ ತಂತಿಗೆ ಸುಮಾರು 5. ಸ್ವರ ಕುದುರಲು ಹತ್ತು ಸುತ್ತು ಹಿಡಿಯಿತು ಅಂದುಕೊಳ್ಳಿ. ಪಿಟೀಲಿನಲ್ಲಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ, ಯಾರಿಗೂ ಗೊತ್ತಾಗುವುದಿಲ್ಲ. ಬೇಸ್‌ನಲ್ಲಿ ಕಾಲು ಸೆಕೆಂಡ್! ಅಷ್ಟು ಹೊತ್ತೂ ಕೇಳುವವರ ಕಿವಿಗೆ ಕರಕರ. ನಾರ್ವೆಯ ಕ್ನುಟ್ ಗೆಟ್ಲರ್ ಸ್ವತಃ ಬೇಸ್ ವಾದಕರಾಗಿದ್ದರು, ಜೊತೆಗೆ ಸಂಶೋಧಕರೂ ಆಗಿದ್ದರು. ಮೊದಲ ಸುತ್ತಿನಿಂದಲೇ ಸ್ವರ ಸರಿಯಾಗಿ ಹುಟ್ಟಬೇಕಾದರೆ ಕಮಾನು ವೇಗ ಪಡೆಯುವ ರೀತಿ ಒಂದು ಹದದೊಳಗೆ ಇರಬೇಕು ಅಂತ ಅವರು ತೋರಿಸಿದರು. ತೀರಾ ಧಡಕ್ಕನೆ ಎಳೆದರೆ ತಂತಿ ಜಾರುತ್ತದೆ. ತೀರಾ ಮೆಲ್ಲಗಾದರೆ ಕಿರಗುಟ್ಟುತ್ತದೆ. ತಂತಿ ಕೆಳಸ್ವರದ್ದಾದಷ್ಟೂ ಆ ಹದ ಇನ್ನೂ ನಿಧಾನದ ಕಡೆಗೆ ಸರಿಯುತ್ತದೆ.

ಹಾಗಾಗಿ ಕಮಾನನ್ನು ಗಾಳಿಯಲ್ಲಿ ಬೀಸಿ ತಂದು ತಂತಿಗೆ ತಾಗಿಸುವ ಅಭ್ಯಾಸ ಮೊದಲು ಬಿಡಬೇಕು. ಕಮಾನನ್ನು ತಂತಿಯ ಮೇಲೆ ನಿಲ್ಲಿಸಿ. ತೋಳಿನ ಭಾರ ಇಳಿಯಲು ಬಿಡಿ. ಕೂದಲು ತಂತಿಯನ್ನು ಕಚ್ಚಿದ್ದು ಬೆರಳಿಗೆ ಗೊತ್ತಾಗುತ್ತದೆ. ಸದ್ದು ಮಾಡದೆ ತಂತಿಯನ್ನು ಪಕ್ಕಕ್ಕೆ ಕೂದಲೆಳೆಯಷ್ಟು ಸರಿಸಿ. ಆಮೇಲೆ ಎಳೆಯಿರಿ. ಫ್ರೆಂಚ್ ಕಮಾನನ್ನು ಮೇಲಿನಿಂದ ಹಿಡಿಯುತ್ತಾರೆ, ಜರ್ಮನ್ ಕಮಾನನ್ನು ಕೆಳಗಿನಿಂದ. ಯಾವುದು ಮೇಲು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ತಂತಿಗೆ ಎರಡರ ವ್ಯತ್ಯಾಸ ತಿಳಿಯದು. ಬೆರಳಿನಿಂದ ಮೀಟುವಾಗಲೂ ಇದೇ ಮಾತು. ಬೆರಳ ತುದಿಯಿಂದ ತಂತಿಯನ್ನು ಮೇಲಕ್ಕೆ ಕೀಳಬೇಡಿ, ಅದು ಹಲಗೆಗೆ ಬಡಿಯುತ್ತದೆ. ತೋರುಬೆರಳಿನ ಪಕ್ಕವನ್ನು ಊರಿ, ಕೈಯ ಭಾರದಿಂದ ಅಡ್ಡಕ್ಕೆ ಸೆಳೆಯಿರಿ.

ಉಳಿದದ್ದು ಶ್ರುತಿ. ಇ ಸ್ವರಕ್ಕೂ ಪಕ್ಕದ ಎಫ್ ಸ್ವರಕ್ಕೂ ಇಲ್ಲಿ ಇರುವ ಅಂತರ ಸೆಕೆಂಡಿಗೆ ಎರಡೂವರೆ ಕಂಪನ ಮಾತ್ರ. ಇಷ್ಟು ಕೆಳಗೆ ಕಿವಿ ಬೇಗ ಮೋಸ ಹೋಗುತ್ತದೆ. ಅದೂ ಅಲ್ಲದೆ 41 ಕಂಪನದ ಸದ್ದಿನ ಅಲೆ ಗಾಳಿಯಲ್ಲಿ 8 ಮೀಟರಿಗಿಂತ ಉದ್ದ. ಅದನ್ನು ಜೋರಾಗಿ ಹೊಮ್ಮಿಸಲು ಬೇಸ್‌ನ ಒಡಲು ಸಾಲದು. ನಮ್ಮ ಕಿವಿಗೆ ಹೆಚ್ಚಾಗಿ ಬರುವುದು ಅದರ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳು. ಅವನ್ನು ಜೋಡಿಸಿ ಕೆಳಗಿನ ಸ್ವರವನ್ನು ಮೆದುಳು ಕಟ್ಟಿಕೊಳ್ಳುತ್ತದೆ. ಕಿವಿ ನಂಬದೆ ಕತ್ತಿಗೆ ಸ್ಟಿಕ್ಕರ್ ಅಂಟಿಸಿ ಅದನ್ನೇ ನೋಡುತ್ತಾ ನುಡಿಸುವವರು ಬಹಳ. ನೋಡಲು ನಮ್ಮ ಕತ್ತು ತಿರುಗುತ್ತದೆ, ಜೊತೆಗೆ ಹೆಗಲು ತಿರುಗುತ್ತದೆ, ಕೈಯ ಸ್ಥಾನವೂ ತಪ್ಪುತ್ತದೆ. ಸ್ಥಾನ ಬದಲಿಸುವಾಗ ಹೆಬ್ಬೆರಳನ್ನು ಹಿಂದೆ ಬಿಟ್ಟು ಬೆರಳುಗಳಷ್ಟೇ ಮುಂದೆ ಚಾಚುವುದು ಇದರದ್ದೇ ಇನ್ನೊಂದು ರೂಪ. ಇಡೀ ತೋಳು ಒಟ್ಟಿಗೆ ಹೋಗಬೇಕು. ಒಂದು ಸಮಾಧಾನ ಏನೆಂದರೆ, ಬೇಸ್‌ನಲ್ಲಿ ಕೈ ಮೂರು ಪಟ್ಟು ದೂರ ಹೋಗಬೇಕಾದರೂ ತಪ್ಪಿಗೆ ಸಿಗುವ ಜಾಗವೂ ಮೂರು ಪಟ್ಟು.

ಕಣ್ಣಿನಿಂದ ನೋಡಲೇಬೇಕು ಅನ್ನಿಸಿದರೆ ಸ್ಟಿಕ್ಕರ್ ಬೇಡ, ಪಕ್ಕದ ತಂತಿಗಳನ್ನು ನೋಡಿ. ಅತಿ ತೆಳ್ಳಗಿನ ಜಿ ತಂತಿಯ ಮೇಲೆ ತೋರುಬೆರಳಿನಿಂದ ಎ ಸ್ವರ ಹಿಡಿದು ಕಮಾನು ಎಳೆಯಿರಿ. ಅದು ಸೆಕೆಂಡಿಗೆ 110 ಕಂಪನ. ಅತ್ತ ಬೆರಳೇ ಇಡದ ಎ ತಂತಿ 55ರದ್ದು. ಬೆರಳು ಚೂರು ತಪ್ಪಿದ್ದರೆ ಆ ತಂತಿ ಸುಮ್ಮನಿರುತ್ತದೆ. ಬೆರಳನ್ನು ಹೊರಳಿಸುತ್ತಾ ಹೋಗಿ. 110 ಸರಿಯಾಗಿ ಕೂತ ಗಳಿಗೆಯಲ್ಲಿ ಯಾರೂ ಮುಟ್ಟದ ಆ ದಪ್ಪ ತಂತಿ ಎರಡು ಹೋಳಾಗಿ ನಡುಗತೊಡಗುತ್ತದೆ. ಈಗ ಕಮಾನು ಎತ್ತಿಬಿಡಿ. ಜಿ ತಂತಿಯಿಂದ ಬೆರಳನ್ನೂ ತೆಗೆದು, ಅಂಗೈಯಿಂದ ಅದನ್ನು ತಣ್ಣಗೆ ಮುಚ್ಚಿ. ನೀವು ನುಡಿಸಿದ ಸ್ವರ ಆ ಇನ್ನೊಂದು ತಂತಿಯಿಂದ ಸ್ವಲ್ಪ ಹೊತ್ತು ಕೇಳುತ್ತಲೇ ಇರುತ್ತದೆ.