ಈ ಚುಕ್ಕಿ ಯಾವ ಸಾಲಿನದು? ನೋಟೇಶನ್ ಫಾಂಟ್ ಕಲಿಯುವವರಿಗೆ ಒಂದು ಟಿಪ್ಪಣಿ

ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ನನ್ನ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್, ಬ್ಯಾನರ್, ಇಷ್ಟೇ. ಒಂದು ದಿನ ಹಾರ್ಮೋನಿಯಂ ಮಾಸ್ತರರು ಬಂದು ಮಕ್ಕಳಿಗೆ ಭೂಪಾಲಿ ರಾಗದ ಪಾಠದ ಹಾಳೆ ಮಾಡಿಸಿಕೊಂಡರು. ಸ್ವರದ ಕೆಳಗೆ ಚುಕ್ಕಿ ಇದ್ದರೆ ಮಂದ್ರ, ಅಂದರೆ ಕೆಳಗಿನ ಸಪ್ತಕ; ಮೇಲೆ ಇದ್ದರೆ ತಾರ, ಅಂದರೆ ಮೇಲಿನ ಸಪ್ತಕ. ಮಂದ್ರ 'ಧ' ಕೆಳಗೆ ಚುಕ್ಕಿ ಇಟ್ಟೆ. ಒಂದೇ ಪುಟದಲ್ಲಿ ಮುಗಿಯಲಿ ಅಂತ ಸಾಲುಗಳನ್ನು ಹತ್ತಿರಕ್ಕೆ ಒತ್ತಿದೆ. ಆ ಚುಕ್ಕಿ ಹೋಗಿ ಕೆಳಸಾಲಿನ 'ಸ' ತಲೆಯ ಮೇಲೆ ಕೂತಿತು. ಮಕ್ಕಳು ಅದನ್ನು ತಾರ ಸಪ್ತಕದ 'ಸ' ಅಂದುಕೊಂಡು ಎತ್ತರಕ್ಕೆ ಹಾಡಿದರಂತೆ. ಮಾಸ್ತರರು ಹಾಳೆ ವಾಪಸ್ ತಂದು ಬೆರಳಿಟ್ಟು ಕೇಳಿದರು: "ತಮ್ಮಾ, ಈ ಚುಕ್ಕಿ ಯಾವ ಮನೀದಪಾ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಪಾಶ್ಚಾತ್ಯ ನೋಟೇಶನ್ ಫಾಂಟ್‌ಗಳ ತನಕ ಹೋದೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಚಿಹ್ನೆಯ ಅಂದ ಆಮೇಲೆ, ಮೊದಲು ಅದರ ಜಾಗ. ಹಾಡುವವನು ಓದುವುದು ಜಾಗವನ್ನೇ.

ಹಳೆ ಕಥೆ ಸ್ವಲ್ಪ ಗೊತ್ತಿರಲಿ. ಪಾಶ್ಚಾತ್ಯ ನೋಟೇಶನ್‌ನಲ್ಲಿ ಐದು ಅಡ್ಡಗೆರೆಗಳ ಮೇಲೆ ಮತ್ತು ಅವುಗಳ ಸಂದಿನಲ್ಲಿ ಸ್ವರಗಳನ್ನು ಬರೆಯುತ್ತಾರೆ. 1501ರಲ್ಲಿ ವೆನಿಸ್‌ನ ಪೆಟ್ರೂಚಿ ಬಿಡಿ ಅಚ್ಚುಮೊಳೆಗಳಿಂದ ಸಂಗೀತ ಪುಸ್ತಕ ಮುದ್ರಿಸಿದ. ಗೆರೆಗಳಿಗೆ ಒಂದು ಸಲ, ಸ್ವರಗಳಿಗೆ ಇನ್ನೊಂದು ಸಲ ಅದೇ ಹಾಳೆ ಅಚ್ಚಿಗೆ ಹೋಗಬೇಕಿತ್ತು. ಕೂದಲೆಳೆ ತಪ್ಪಿದರೂ ಸ್ವರ ಬೇರೆ ಗೆರೆಗೆ ಹೋಗಿಬಿಡುತ್ತದೆ. 1528ರ ಸುಮಾರಿಗೆ ಪ್ಯಾರಿಸ್‌ನ ಅತೆಂಯ್ಯಾಂ ಒಂದೊಂದು ಮೊಳೆಯಲ್ಲೂ ಸ್ವರದ ಜೊತೆ ಐದು ಗೆರೆಗಳ ತುಂಡನ್ನೂ ಸೇರಿಸಿ ಒಂದೇ ಸಲಕ್ಕೆ ಮುಗಿಸಿದ. ಜಾಗ ತಪ್ಪಲಿಲ್ಲ, ಆದರೆ ಗೆರೆ ಮಾತ್ರ ತುಂಡು ತುಂಡಾಗಿ ಕಂಡಿತು. ಮುಂದೆ ಮೆತ್ತನೆ ತವರದ ತಗಡಿನ ಮೇಲೆ ಕೆತ್ತುವ ಪದ್ಧತಿ ಬಂತು. ನೋಟಿನ (ಸ್ವರಚಿಹ್ನೆಯ) ದುಂಡು ತಲೆಗಳನ್ನು ಉಳಿಯಂಥ ಪಂಚ್‌ನಿಂದ ಹೊಡೆಯುವುದು, ತಲೆಗೆ ಅಂಟಿದ ಕಡ್ಡಿಗಳನ್ನು ಕೊರೆಯುವುದು. ಎಲ್ಲವೂ ಉಲ್ಟಾ, ರಬ್ಬರ್ ಸ್ಟ್ಯಾಂಪ್ ಹಾಗೆ. ಇವತ್ತಿನ ಒಳ್ಳೆಯ ಫಾಂಟ್‌ಗಳು ನೋಡಿ ಕಲಿತಿದ್ದು ಆ ಕೆತ್ತನೆಯನ್ನೇ.

ಕಂಪ್ಯೂಟರ್‌ಗೆ ಬಂದರೆ, 1985ರಲ್ಲಿ ಅಡೋಬಿ ಕಂಪನಿಯ ಸೊನಾಟಾ ಎಂಬ ನೋಟೇಶನ್ ಫಾಂಟ್ ಬಂತು. ಆಮೇಲೆ ಬಂದ ಫಾಂಟ್‌ಗಳು ಒಂದೇ ಚಿಹ್ನೆಯನ್ನು ಬೇರೆ ಬೇರೆ ಕೀಲಿಗೆ ಇಟ್ಟವು. ನಮಗೆ ಇದು ಹೊಸದಲ್ಲ. ಹಳೆ ಆಸ್ಕಿ ಫಾಂಟಿನ ಕನ್ನಡವನ್ನು ಬೇರೆ ಫಾಂಟ್‌ಗೆ ಹಾಕಿದರೆ ಅಕ್ಷರ ಹೇಗೆ ಕಲಸಿಹೋಗುತ್ತದೆ ಅಂತ ಡಿಟಿಪಿಯವರಿಗೆ ಹೇಳಬೇಕಾ? 2013ರಲ್ಲಿ ಸಂಗೀತ ಸಾಫ್ಟ್‌ವೇರ್ ಕಂಪನಿಯಾದ ಸ್ಟೈನ್‌ಬರ್ಗ್‌ನ ಡೇನಿಯಲ್ ಸ್ಪ್ರೆಡ್‌ಬರಿ 'ಸ್ಮೂಫಲ್' ಎಂಬ, ನೋಟೇಶನ್ ಫಾಂಟ್‌ಗಳಿಗೆಲ್ಲ ಒಂದೇ ಆದ ನಿಯಮವನ್ನೂ, ಅದಕ್ಕೆ ಮಾದರಿಯಾಗಿ ಬ್ರವೂರಾ ಫಾಂಟನ್ನೂ ಹೊರತಂದರು. ಅಕ್ಷರಕ್ಕೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ ಖಾಸಗಿ ಜಾಗದಲ್ಲಿ ಪ್ರತಿ ಚಿಹ್ನೆಗೂ ಒಂದು ಖಾಯಂ ಮನೆ ಸಿಕ್ಕಿತು. ಬ್ರವೂರಾ ಉಚಿತ, ಬಿಚ್ಚಿ ನೋಡಿ.

ಅದನ್ನು ಬಿಚ್ಚಿದಾಗ ಒಂದು ಅಳತೆ ತಿಳಿದರೆ ಸಾಕು: ಎರಡು ಗೆರೆಗಳ ನಡುವಿನ ಸಂದು. ಫಾಂಟಿನ ಪೂರ್ತಿ ಎತ್ತರ 1000 ಯೂನಿಟ್ ಅಂದುಕೊಳ್ಳಿ. ಆ ಎತ್ತರದಲ್ಲಿ ಐದು ಗೆರೆಗಳು, ಅವುಗಳ ನಡುವೆ ನಾಲ್ಕು ಸಂದು, ಅಂದರೆ ಒಂದಕ್ಕೆ 250. ಉಳಿದ ಲೆಕ್ಕವೆಲ್ಲ ಇದರಲ್ಲೇ. ನೋಟಿನ ತಲೆ ಸುಮಾರು ಒಂದು ಸಂದು ಎತ್ತರ. ಕಡ್ಡಿ ಸಾಮಾನ್ಯವಾಗಿ ಮೂರೂವರೆ ಸಂದು ಉದ್ದ. ಮೂರೂವರೆಯೇ ಯಾಕೆ? ಒಂದು ಸ್ವರದಿಂದ ಮುಂದಿನದಕ್ಕೆ ಅರ್ಧ ಸಂದು. 'ಸ'ದಿಂದ ತಾರ 'ಸ'ಕ್ಕೆ ಏಳು ಹೆಜ್ಜೆ, ಏಳು ಅರ್ಧ ಮೂರೂವರೆ. ಕಡ್ಡಿಯ ಉದ್ದ ಅಂದರೆ ಒಂದು ಸಪ್ತಕ! ಇದು ಹೊಳೆದ ದಿನ ನನಗೆ ಭಾರೀ ಖುಷಿಯಾಯಿತು.

ಇನ್ನೊಂದು ಮಾತು, ಕಡ್ಡಿ ಫಾಂಟಿನಿಂದ ಬರುವುದಿಲ್ಲ. ಅದನ್ನು ಸಾಫ್ಟ್‌ವೇರ್ ಎಳೆಯುತ್ತದೆ. ಎಲ್ಲಿ ಅಂಟಿಸಬೇಕು ಅನ್ನುವುದನ್ನು ಫಾಂಟ್ ಜೊತೆಗಿನ ಜೇಸನ್ ಫೈಲ್ ಹೇಳುತ್ತದೆ. ಬ್ರವೂರಾದ ಕಪ್ಪು ತಲೆಗೆ ಮೇಲ್ಮುಖ ಕಡ್ಡಿಯ ಜಾಗ: ಎಡ ಅಂಚಿನಿಂದ 1.18 ಸಂದು, ನಡುಮಟ್ಟದಿಂದ 0.168 ಸಂದು ಮೇಲೆ. ಯೂನಿಟ್‌ನಲ್ಲಿ 295 ಮತ್ತು 42. ಇಂಥ ಬಿಂದುವಿಗೆ ಆ್ಯಂಕರ್ ಅನ್ನುತ್ತಾರೆ. ಮಾಸ್ತರರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ.

ನಮ್ಮ ಸ್ವರಲಿಪಿಗೂ ಬೇಕಾದದ್ದು ಆ್ಯಂಕರ್. ಯೂನಿಕೋಡ್‌ನಲ್ಲಿ ಮೇಲು ಚುಕ್ಕಿ 0307, ಕೆಳ ಚುಕ್ಕಿ 0323. ಕನ್ನಡ ಅಕ್ಷರ ಆದ ಮೇಲೆ ಸುಮ್ನೆ ಟೈಪ್ ಮಾಡಿದರೆ ಚುಕ್ಕಿ ಎಲ್ಲೋ ಬೀಳುತ್ತದೆ, ಯಾಕೆಂದರೆ ಫಾಂಟ್ ಮಾಡಿದವರು ಅದಕ್ಕೆ ಜಾಗ ಹೇಳಿರುವುದಿಲ್ಲ. ನೋಟೋ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ತೆಗೆದುಕೊಂಡು, ಫಾಂಟ್ ತಿದ್ದುವ ಸಾಫ್ಟ್‌ವೇರ್ ಆದ ಫಾಂಟ್‌ಫೋರ್ಜ್‌ನಲ್ಲಿ ಏಳು ಸ್ವರಗಳಿಗೂ ನೀವೇ ಆ್ಯಂಕರ್ ಇಡಬಹುದು. ಅಗಲದ ನಡುಬಿಂದು ಲೆಕ್ಕ ಹಾಕಿ ಇಡಬೇಡಿ. 'ಮ'ಕ್ಕೆ ಬಲಗಡೆ ಕೊಂಬಿನಂಥ ಬಾಲ ಇದೆ, ನಡುಬಿಂದು ಹಿಡಿದರೆ ಚುಕ್ಕಿ ಬಾಲದ ಕಡೆ ಸರಿಯುತ್ತದೆ. ಹೊಟ್ಟೆಯ ಮೇಲೆ ಇಡಿ. 'ರಿ', 'ನಿ' ತಲೆ ಮೇಲೆ ಗುಡಿಸು ಇರುವುದರಿಂದ ಚುಕ್ಕಿ ಇನ್ನೂ ಮೇಲೆ ಹೋಗಬೇಕು. ಇವೆರಡೂ ಬಹಳ ಫಾಂಟ್‌ಗಳಲ್ಲಿ ಜೋಡಿ ರೂಪಗಳು, ಅಂದರೆ ಅಕ್ಷರ, ಗುಡಿಸು ಸೇರಿದ ಒಂದೇ ಚಿತ್ರ. ಬರೀ 'ರ'ಕ್ಕೆ ಆ್ಯಂಕರ್ ಇಟ್ಟು 'ರಿ' ಯಾಕೆ ಕೆಲಸ ಮಾಡ್ತಿಲ್ಲ ಅಂತ ನಾನು ಎರಡು ಸಂಜೆ ಕಳೆದೆ.

ಜಾಸ್ತಿ ಕಾಡಿದ್ದು 'ಧ'. ಹಿಂದೂಸ್ತಾನಿ ಸಂಗೀತದ ಭಾತಖಂಡೆ ಪದ್ಧತಿಯಲ್ಲಿ ಕೋಮಲ (ಸ್ವಲ್ಪ ಇಳಿಸಿದ) ಸ್ವರಕ್ಕೆ ಅಡಿಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕಿ. ಭೈರವ ರಾಗದಲ್ಲಿ ಮಂದ್ರದ ಕೋಮಲ 'ಧ' ಬಂದರೆ ಎರಡೂ ಬೇಕು. 'ಧ'ಕ್ಕೋ ಮೊದಲೇ ಕೆಳಗೆ ಮಹಾಪ್ರಾಣದ ಸೀಳು. ಸೀಳು, ಗೆರೆ, ಚುಕ್ಕಿ ಮೂರೂ ಒಂದೇ ಕಡೆ ಸೇರಿದರೆ ಶಾಯಿಯ ಮುದ್ದೆ. ನಾನು ಮಾಡಿದ್ದು ಹೀಗೆ: ಕೋಮಲವಾಗುವ ರಿ, ಗ, ಧ, ನಿ ನಾಲ್ಕೂ ಸ್ವರಗಳ ಅಡಿಗೆರೆಯನ್ನು 'ಧ'ದ ಸೀಳಿಗಿಂತ ಕೆಳಗೆ ಒಂದೇ ಮಟ್ಟಕ್ಕೆ ತಂದೆ, ಚುಕ್ಕಿಯನ್ನು ಗೆರೆಯ ಕೆಳಗೆ ಇಟ್ಟೆ. 'ಗ'ದ ಗೆರೆ ಸ್ವಲ್ಪ ದೂರ ಕಾಣುತ್ತದೆ ನಿಜ. ಆದರೆ ಒಂದೊಂದಕ್ಕೆ ಒಂದೊಂದು ಮಟ್ಟ ಇಟ್ಟರೆ ಸಾಲು ಕುಣಿಯುತ್ತದೆ. ಮಟ್ಟ ಒಂದೇ ಇರಲಿ ಅನ್ನೋದು ನನ್ನ ಪಕ್ಷ.

ಇನ್ನು ಸಾಲಿನ ಅಂತರ. ಕೆಳ ಚುಕ್ಕಿಯಿಂದ ಅದರ ಅಕ್ಷರಕ್ಕೆ ಎಷ್ಟು ದೂರವೋ, ಮುಂದಿನ ಸಾಲಿನ ಅಕ್ಷರಕ್ಕೆ ಅದರ ಮೂರು ಪಟ್ಟಾದರೂ ಇರಲಿ. ಇದು ಪುಸ್ತಕದ ನಿಯಮವಲ್ಲ, ಪ್ರಿಂಟ್ ತೆಗೆದು ತೆಗೆದು ನನಗೆ ಸಿಕ್ಕ ಲೆಕ್ಕ.

ಪರದೆಯ ಮೇಲೆ ನೋಡಿ ಮುಗಿಯಿತು ಅನ್ನಬೇಡಿ. 7 ಮಿಲಿಮೀಟರ್ ಎತ್ತರದ ಐದು ಗೆರೆಗಳಲ್ಲಿ ಒಂದು ಸಂದು 1.75 ಮಿ.ಮೀ. ಬ್ರವೂರಾದ ಗೆರೆಯ ದಪ್ಪ 0.13 ಸಂದು, ಅಂದರೆ ಸುಮಾರು 0.23 ಮಿ.ಮೀ. ನಮ್ಮ ಪಾಠದ ಹಾಳೆಗಳು ಜೆರಾಕ್ಸಿನ ಜೆರಾಕ್ಸ್ ಆಗಿ ಮಕ್ಕಳ ಕೈ ಸೇರುತ್ತವೆ ಅಲ್ವಾ? ನನ್ನ ಮೊದಲ ಚುಕ್ಕಿಗಳು ಮೂರನೇ ಪ್ರತಿಯಲ್ಲಿ ಮಾಯ. ಕಾಲು ಭಾಗ ದಪ್ಪ ಮಾಡಿ ಮತ್ತೆ ಮೂರು ಸಲ ಜೆರಾಕ್ಸ್ ತೆಗೆದೆ, ಉಳಿದವು. ಆ ಮೂರನೇ ಪ್ರತಿಯನ್ನೇ ಮಾಸ್ತರರಿಗೆ ಕೊಟ್ಟೆ. ಕನ್ನಡಕ ಏರಿಸಿ ಬೆರಳಿಂದ ಒಂದೊಂದೇ ಚುಕ್ಕಿ ಮುಟ್ಟುತ್ತಾ ಕೊನೆ ಸಾಲಿನ ತನಕ ಹಾಡಿಕೊಂಡು ಹೋದರು. ಆಮೇಲೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡಿನ ಗುರುತು ಹುಡುಕುತ್ತಾ ಕೇಳಿದರು, "ಮೀಂಡಿನ ಕಮಾನು ಎಲ್ಲಪಾ?"